ಹಿರಿಯರು ನಡೆಸುವ ಚರ್ಚ್: ಪ್ರೆಸ್ಬಿಟೇರಿಯನ್ ಪದ್ಧತಿ ಅಂದರೇನು, ಹಾಸನಕ್ಕೂ ಅದಕ್ಕೂ ಏನು ಸಂಬಂಧ

ಹಾಸನ ಜಿಲ್ಲೆಯ ಚರ್ಚ್ ಅಂದರೆ ಹೊರಗಿನವರಿಗೆ ಮೊದಲು ನೆನಪಾಗೋದು ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಆ ಪಾಳು ಕಟ್ಟಡದ ಫೋಟೊ ಎಲ್ಲರೂ ನೋಡಿರುತ್ತಾರೆ. ಅದು 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಕ್ಯಾಥೊಲಿಕ್ ಚರ್ಚ್. ಹಾಸನ ಪೇಟೆಯೊಳಗೆ ಬಂದರೆ ಬೇರೆ ಬೇರೆ ಚರ್ಚುಗಳು ಕಾಣುತ್ತವೆ. ಕ್ಯಾಥೊಲಿಕರದು ಒಂದು, ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರದು ಇನ್ನೊಂದು, ಬಡಾವಣೆಗಳ ಬಾಡಿಗೆ ಹಾಲ್‌ಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಗಳು ಮತ್ತಷ್ಟು. "ಎಲ್ಲರೂ ಯೇಸುವನ್ನೇ ನಂಬೋದಲ್ವಾ, ಮತ್ತೆ ಇಷ್ಟೊಂದು ಬಗೆ ಯಾಕೆ?" ಅಂತ ಅಕ್ಕಪಕ್ಕದವರು ಕೇಳುತ್ತಾರೆ.

ನಂಬಿಕೆಯ ವಿಚಾರದಲ್ಲಿ ವ್ಯತ್ಯಾಸಗಳು ಇರೋದು ನಿಜ. ಆದರೆ ಚರ್ಚಿನ ಚರಿತ್ರೆ ಓದುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ದೊಡ್ಡ ದೊಡ್ಡ ಒಡಕುಗಳಲ್ಲಿ ಎಷ್ಟೋ ಬಂದಿದ್ದು ಆಡಳಿತದ ಪ್ರಶ್ನೆಯಿಂದ. ಪಾಸ್ಟರನ್ನು ಯಾರು ನೇಮಿಸಬೇಕು? ಕಾಣಿಕೆ ಹಣ ಯಾರ ಕೈಯಲ್ಲಿರಬೇಕು? ಪಾಸ್ಟರ್ ತಪ್ಪು ಮಾಡಿದರೆ ಕೇಳುವವರು ಯಾರು? ಈ ಪ್ರಶ್ನೆಗಳಿಗೆ ಕ್ರೈಸ್ತರು ಮುಖ್ಯವಾಗಿ ಮೂರು ರೀತಿ ಉತ್ತರ ಕೊಟ್ಟಿದ್ದಾರೆ. ಬಿಷಪ್ ನೋಡಿಕೊಳ್ಳುತ್ತಾರೆ ಅನ್ನೋದು ಕ್ಯಾಥೊಲಿಕರ ಮತ್ತು ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನವರ ಉತ್ತರ. ಆಯಾ ಊರಿನ ಸಭೆಯ, ಅಂದರೆ ಆ ಚರ್ಚಿಗೆ ಸೇರಿದ ಜನರ ಕೂಟದ, ಸದಸ್ಯರೆಲ್ಲ ಕೂತು ತೀರ್ಮಾನ ಮಾಡಬೇಕು ಅನ್ನೋದು ಕಾಂಗ್ರಿಗೇಷನಲ್ ಪಂಗಡದವರ, ಬ್ಯಾಪ್ಟಿಸ್ಟರ ಉತ್ತರ. ಸಭೆ ಆರಿಸಿದ ಹಿರಿಯರು ಪಾಸ್ಟರ್ ಜೊತೆ ಕೂತು ತೀರ್ಮಾನ ಮಾಡಬೇಕು ಅನ್ನೋದು ಮೂರನೆಯದು. ಅದೇ ಪ್ರೆಸ್ಬಿಟೇರಿಯನ್ ಪದ್ಧತಿ.

ಹಾಸನದಲ್ಲಿ ಮಿಷನ್ ಕೆಲಸ ಮಾಡಿದವರು ಪ್ರೆಸ್ಬಿಟೇರಿಯನ್ನರಲ್ಲ, ಇಂಗ್ಲೆಂಡಿನ ಜಾನ್ ವೆಸ್ಲಿಯ ದಾರಿ ಹಿಡಿದ ವೆಸ್ಲಿಯನ್ ಮೆಥಡಿಸ್ಟರು. ಆದರೂ ಇಂದು ಹಾಸನದ ಸಿಎಸ್‌ಐ ಸಭೆ ನಡೆಯುವ ರೀತಿಯಲ್ಲಿ ಪ್ರೆಸ್ಬಿಟೇರಿಯನ್ನರ ಪಾಲು ಇದೆ. ಅದು ಹೇಗೆ ಬಂತು ಅಂತ ತಿಳಿಯಲು ಮೊದಲು ಸ್ವಲ್ಪ ದೂರದ ಕಥೆ ಹೇಳಬೇಕು.

ಈ ಪದ್ಧತಿಗೆ ರೂಪ ಕೊಟ್ಟವರು ಜಿನೀವಾದ ಜಾನ್ ಕಾಲ್ವಿನ್. 1541ರಲ್ಲಿ ಅವರು ಆ ಊರಿನ ಚರ್ಚಿಗೆ ನಿಯಮಗಳನ್ನು ಬರೆದರು. ಅದರಲ್ಲಿ ಪಾಸ್ಟರುಗಳ ಪಕ್ಕದಲ್ಲೇ ಸಾಮಾನ್ಯ ಜನರಿಂದ ಬಂದ ಹಿರಿಯರಿಗೂ ಕುರ್ಚಿ ಹಾಕಿದರು. ಬಡವರನ್ನು, ಕಾಯಿಲೆಯವರನ್ನು ನೋಡಿಕೊಳ್ಳಲು ಡೀಕನ್ ಅನ್ನುವ ಬೇರೆಯೇ ಹುದ್ದೆ ಇಟ್ಟರು. ಜಿನೀವಾದಲ್ಲಿ ಕೆಲಕಾಲ ಇದ್ದ ಜಾನ್ ನಾಕ್ಸ್ ಈ ವಿಚಾರಗಳನ್ನು ತಮ್ಮ ಸ್ಕಾಟ್ಲೆಂಡಿಗೆ ಒಯ್ದರು. 1560ರಲ್ಲಿ ಅಲ್ಲಿನ ಸಂಸತ್ತು ಪೋಪರ ಅಧಿಕಾರವನ್ನು ತೆಗೆದುಹಾಕಿತು. ಬಿಷಪ್ ಬೇಕಾ ಬೇಡವಾ ಅನ್ನೋ ಜಗಳ ಮಾತ್ರ ಆಮೇಲೂ ನೂರಕ್ಕೂ ಹೆಚ್ಚು ವರ್ಷ ನಡೆಯಿತು. ರಾಜರಿಗೆ ಬಿಷಪ್ ಬೇಕಿತ್ತು. ಯಾಕೆಂದರೆ ಬಿಷಪ್ ರಾಜ ನೇಮಿಸಿದ ಮನುಷ್ಯ. ಹಿರಿಯರ ಸಭೆಯನ್ನು ಹಾಗೆ ಹಿಡಿತದಲ್ಲಿ ಇಟ್ಟುಕೊಳ್ಳಲು ಆಗೋದಿಲ್ಲ. ಬಿಷಪ್ ಇಲ್ಲದಿದ್ದರೆ ರಾಜನೂ ಇಲ್ಲ ಅಂತ 1604ರಲ್ಲಿ ದೊರೆ ಜೇಮ್ಸ್ ನೇರವಾಗಿಯೇ ಹೇಳಿದ್ದರು. ಕೊನೆಗೆ 1690ರಲ್ಲಿ ಸ್ಕಾಟ್ಲೆಂಡಿನ ಚರ್ಚು ಪ್ರೆಸ್ಬಿಟೇರಿಯನ್ ಅಂತ ಗಟ್ಟಿಯಾಯಿತು.

ಪದ್ಧತಿಯ ಮೆಟ್ಟಿಲುಗಳು ನಮಗೆ ಸುಲಭವಾಗಿ ಅರ್ಥವಾಗುತ್ತವೆ. ಗ್ರಾಮ ಪಂಚಾಯಿತಿ, ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಅದರ ಮೇಲೆ ಜಿಲ್ಲಾ ಪಂಚಾಯಿತಿ ಇದ್ದ ಹಾಗೆ. ಊರಿನ ಸಭೆಯಲ್ಲಿ ಪಾಸ್ಟರ್ ಮತ್ತು ಹಿರಿಯರು ಸೇರಿದ್ದು ಸೆಷನ್. ಸುತ್ತಲಿನ ಹಲವು ಸಭೆಗಳ ಪಾಸ್ಟರುಗಳು, ಪ್ರತಿ ಸಭೆಯಿಂದ ಬಂದ ಹಿರಿಯರು ಸೇರಿದ್ದು ಪ್ರೆಸ್ಬಿಟರಿ. ಅದರ ಮೇಲೆ ಸಿನೊಡ್, ಎಲ್ಲಕ್ಕೂ ಮೇಲೆ ಜನರಲ್ ಅಸೆಂಬ್ಲಿ. ಪ್ರತಿ ಹಂತದಲ್ಲೂ ಪಾಸ್ಟರುಗಳ ಜೊತೆ ಹಿರಿಯರು ಇರಲೇಬೇಕು. ಸಭೆಯ ಅಧ್ಯಕ್ಷರಿಗೆ ಮಾಡರೇಟರ್ ಅಂತ ಹೆಸರು. ಅವರು ಸಭೆ ನಡೆಸುತ್ತಾರೆ, ಅಷ್ಟೇ. ಒಬ್ಬರೇ ಆಜ್ಞೆ ಹೊರಡಿಸುವ ಹಾಗಿಲ್ಲ. ಸ್ಕಾಟ್ಲೆಂಡಿನ ಜನರಲ್ ಅಸೆಂಬ್ಲಿಯ ಮಾಡರೇಟರ್ ಅವಧಿ ಒಂದೇ ವರ್ಷ. ಪಂಚಾಯಿತಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸ್ಕಾಟ್ಲೆಂಡಿನ ಸಂಪ್ರದಾಯದಲ್ಲಿ ಒಮ್ಮೆ ಹಿರಿಯರಾಗಿ ಪ್ರತಿಷ್ಠೆ ಆದರೆ ಅದು ಜೀವನಪೂರ್ತಿ. ಇದರಿಂದ ಸಭೆಗೆ ಸ್ಥಿರತೆ ಬಂತು. ಕೆಲವು ಕಡೆ ಹುದ್ದೆ ಒಂದೇ ಮನೆತನದ ಸೊತ್ತಾಗುವ ಅಪಾಯವೂ ಬಂತು.

ಪಾಸ್ಟರನ್ನು ಆರಿಸುವ ಹಕ್ಕು ಎಷ್ಟು ದೊಡ್ಡದು ಅನ್ನೋದಕ್ಕೆ 1834ರ ಒಂದು ಪ್ರಸಂಗ ಸಾಕು. ಆಗ ಸ್ಕಾಟ್ಲೆಂಡಿನಲ್ಲಿ ಊರಿನ ಜಮೀನ್ದಾರನೇ ಪಾಸ್ಟರನ್ನು ಸೂಚಿಸುವ ಕಾನೂನು ಇತ್ತು. ಆಕ್ಟರಾರ್ಡರ್ ಅನ್ನೋ ಊರಿಗೆ ಜಮೀನ್ದಾರ ಒಬ್ಬ ಯುವಕನನ್ನು ಸೂಚಿಸಿದ. ಊರಿನ ಸುಮಾರು 330 ಮನೆ ಯಜಮಾನರಲ್ಲಿ 287 ಮಂದಿ ಈತ ಬೇಡ ಅಂದರು. ಬೇಕು ಅಂತ ಸಹಿ ಹಾಕಿದವರು ಇಬ್ಬರೇ. ವಿಷಯ ಕೋರ್ಟಿಗೆ ಹೋಯಿತು. ಕೋರ್ಟು ಜಮೀನ್ದಾರನ ಪರ ನಿಂತಿತು. ಇಂಥ ಪ್ರಕರಣಗಳು ಹೆಚ್ಚುತ್ತಾ ಹೋದವು. ಕೊನೆಗೆ 1843ರ ಮೇ 18ರಂದು ಎಡಿನ್‌ಬರೋದಲ್ಲಿ ಜನರಲ್ ಅಸೆಂಬ್ಲಿ ಕೂಡಿದಾಗ ಪಾಸ್ಟರುಗಳು ಸಾಲಾಗಿ ಎದ್ದು ಹೊರನಡೆದರು. ಒಟ್ಟು 470ಕ್ಕೂ ಹೆಚ್ಚು ಪಾಸ್ಟರುಗಳು, ಅಂದರೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ, ಸಂಬಳ, ಮನೆ, ಚರ್ಚ್ ಕಟ್ಟಡ ಎಲ್ಲ ಬಿಟ್ಟು ಫ್ರೀ ಚರ್ಚ್ ಕಟ್ಟಿದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆಗೆ ಹೋದವರೂ ಅವರಲ್ಲಿದ್ದರು. ಜನ ಕೊಟಡಿಗಳಲ್ಲಿ, ಬಯಲಿನಲ್ಲಿ ಆರಾಧನೆ ಮಾಡಿದರು. ಪಾಸ್ಟರನ್ನು ಯಾರು ಆರಿಸಬೇಕು ಅನ್ನೋ ಒಂದೇ ಪ್ರಶ್ನೆಗೆ ಇಷ್ಟು ಬೆಲೆ ತೆತ್ತರು. ಓದಿದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಹೆಚ್ಚುತ್ತದೆ.

ಆ ಬಿರುಗಾಳಿ ಭಾರತಕ್ಕೂ ಬಂತು. ಕಲ್ಕತ್ತಾದಲ್ಲಿ ಅಲೆಕ್ಸಾಂಡರ್ ಡಫ್, ಬೊಂಬಾಯಿಯಲ್ಲಿ ಜಾನ್ ವಿಲ್ಸನ್, ಮದ್ರಾಸಿನಲ್ಲಿ ಜಾನ್ ಆಂಡರ್ಸನ್ ಶಾಲೆಗಳನ್ನು ನಡೆಸುತ್ತಿದ್ದರು. ಸ್ಕಾಟ್ಲೆಂಡ್ ಚರ್ಚಿನ ಮಿಷನರಿಗಳೆಲ್ಲ ಫ್ರೀ ಚರ್ಚಿನ ಕಡೆ ಹೋದರು. ಆಂಡರ್ಸನ್ ಅವರ ಶಾಲೆಯೇ ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜ್ ಆಗಿ ಬೆಳೆಯಿತು.

ಹಿರಿಯರ ಕೆಲಸ ಅಂದರೆ ಬರೀ ಮೀಟಿಂಗ್ ಅಂದುಕೊಳ್ಳಬೇಡಿ. ಸಭೆಯ ಮನೆಗಳನ್ನು ಹಂಚಿಕೊಂಡು ಒಬ್ಬೊಬ್ಬ ಹಿರಿಯರಿಗೆ ಇಷ್ಟು ಮನೆ ಅಂತ ಕೊಡುತ್ತಿದ್ದರು. ಆ ಮನೆಗಳಲ್ಲಿ ಕಾಯಿಲೆ ಬಂದರೆ, ಸಾವಾದರೆ, ಗಂಡ ಹೆಂಡತಿ ಮಾತು ಬಿಟ್ಟರೆ ಮೊದಲು ಹೋಗಬೇಕಾದವರು ಆ ಹಿರಿಯರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಭಾನುವಾರಕ್ಕೆ ಮುಂಚೆ ಅವರು ಮನೆಮನೆಗೆ ಹೋಗಿ ಸೀಸದ ಚಿಕ್ಕ ಬಿಲ್ಲೆಗಳನ್ನು ಕೊಡುತ್ತಿದ್ದರು. ಬಿಲ್ಲೆ ಇದ್ದವರಿಗೆ ಮಾತ್ರ ಮೇಜಿನ ಹತ್ತಿರ ಜಾಗ. ಯಾರ ಜೊತೆಗಾದರೂ ಜಗಳ ಇಟ್ಟುಕೊಂಡವರು ಮೊದಲು ರಾಜಿ ಆಗಬೇಕಿತ್ತು, ಆಮೇಲೆ ಬಿಲ್ಲೆ. ಇದರಲ್ಲಿ ಅಕ್ಕರೆಯೂ ಇತ್ತು, ಮನೆಯೊಳಗೆ ಇಣುಕುವ ಕಟ್ಟುನಿಟ್ಟೂ ಇತ್ತು. ಹಳೆಯ ಸೆಷನ್ ದಾಖಲೆಗಳಲ್ಲಿ ಸಾಮಾನ್ಯ ಜನರನ್ನು, ಅದರಲ್ಲೂ ಹೆಂಗಸರನ್ನು, ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡಿದ ಘಟನೆಗಳು ಬೇಕಾದಷ್ಟು ಸಿಗುತ್ತವೆ. ಅದನ್ನು ಮುಚ್ಚಿಟ್ಟು ಈ ಪದ್ಧತಿಯನ್ನು ಹೊಗಳೋದು ಸರಿಯಲ್ಲ.

ಕನ್ನಡ ನಾಡಿಗೆ ಬರೋಣ. ನಮಗೆ ಹತ್ತಿರದಲ್ಲಿ ಸ್ಕಾಟರ ಚರ್ಚ್ ನೋಡಬೇಕೆಂದರೆ ಬೆಂಗಳೂರಿನ ಕಬ್ಬನ್ ರಸ್ತೆಗೆ ಹೋಗಬೇಕು. ಅಲ್ಲಿನ ಸೇಂಟ್ ಆಂಡ್ರೂಸ್ ಚರ್ಚಿಗೆ 1864ರಲ್ಲಿ ಅಡಿಗಲ್ಲು ಹಾಕಿದರು, 1866ರಲ್ಲಿ ಆರಾಧನೆ ಶುರುವಾಯಿತು. ಅದು ದಂಡಿನ ಸ್ಕಾಟ್ ಸೈನಿಕರು, ಅಧಿಕಾರಿಗಳು ಬರುತ್ತಿದ್ದ ಚರ್ಚ್. ನಮ್ಮ ಮಲೆನಾಡಿಗೂ ಸ್ಕಾಟರು ಬಂದಿದ್ದರು, ಕಾಫಿಗಾಗಿ. ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ ತೋಟ ಮಾಡಿದವರು. ಅವರು ತೋಟ ಮಾಡಿದರು, ಸಭೆ ಕಟ್ಟಲಿಲ್ಲ.

ಹಾಸನದಲ್ಲಿ ಸಭೆ ಕಟ್ಟಿದ್ದು ವೆಸ್ಲಿಯನ್ನರು. ಮೈಸೂರು ಸಂಸ್ಥಾನದ ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರು, ಹಾಸನಗಳಲ್ಲಿ ಅವರ ಶಾಲೆ, ಆಸ್ಪತ್ರೆ, ಸಭೆಗಳು ಬೆಳೆದವು. ಹಾಸನದ ಹಳಬರು ಇವತ್ತಿಗೂ ಮಿಷನ್ ಆಸ್ಪತ್ರೆ ಅನ್ನುವ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಆ ಕಾಲದ್ದೇ. ನಮ್ಮೂರಿನ ಎಷ್ಟೋ ಮನೆಗಳಲ್ಲಿ, ಜಾತಿ ಧರ್ಮ ಯಾವುದೇ ಇರಲಿ, ಒಬ್ಬರಾದರೂ ಅಲ್ಲಿ ಹುಟ್ಟಿದವರು ಸಿಗುತ್ತಾರೆ.

ಮೆಥಡಿಸ್ಟರಿಗೂ ತಮ್ಮದೇ ರೀತಿಯ ಹಿರಿಯರ ಪದ್ಧತಿ ಇತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಸದಸ್ಯರನ್ನು ಹನ್ನೆರಡರಂತೆ ಗುಂಪು ಮಾಡಿ, ಗುಂಪಿಗೊಬ್ಬ ನಾಯಕ, ವಾರಕ್ಕೆ ತಲೆಗೊಂದು ಪೆನ್ನಿ ಅಂತ ಏರ್ಪಾಡು ಮಾಡಿದರು. ದುಡ್ಡು ಕೇಳಲು ಹೋದ ನಾಯಕರು ಮನೆಗಳ ಕಷ್ಟಸುಖ ನೋಡಿ ಬಂದು ಹೇಳತೊಡಗಿದರು. ಜಾನ್ ವೆಸ್ಲಿ ಅದನ್ನೇ ಪಾಲನೆಯ ಪದ್ಧತಿ ಮಾಡಿಬಿಟ್ಟರು. ಹಾಗಾಗಿ ಸಾಮಾನ್ಯ ಸದಸ್ಯರೇ ಮನೆ ನೋಡಿಕೊಳ್ಳೋದು, ಲೆಕ್ಕ ಇಡೋದು 1947ರಲ್ಲಿ ಸಿಎಸ್‌ಐ ಹುಟ್ಟುವುದಕ್ಕೆ ಮೊದಲೂ ಹಾಸನದ ಸಭೆಗೆ ಹೊಸದಾಗಿರಲಿಲ್ಲ. ಆದರೆ ಮೆಥಡಿಸ್ಟರಲ್ಲಿ ಪಾಸ್ಟರನ್ನು ಎಲ್ಲಿಗೆ ಕಳಿಸಬೇಕು ಅನ್ನೋದನ್ನು ಮೇಲಿನವರು ತೀರ್ಮಾನಿಸುತ್ತಿದ್ದರು. ಪ್ರೆಸ್ಬಿಟೇರಿಯನ್ನರ ಹಾಗೆ ಸಭೆಯೇ ಪಾಸ್ಟರನ್ನು ಕರೆಯುವ ಹಕ್ಕು ಹಾಸನಕ್ಕೆ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ.

ಹೊಳೆಗಳು ಕೂಡಿದ್ದು

20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಕ್ರೈಸ್ತರಿಗೆ ಒಂದು ವಿಷಯ ಚುಚ್ಚತೊಡಗಿತು. ಸ್ಕಾಟ್ಲೆಂಡಿನ ಜಮೀನ್ದಾರರ ಜಗಳ, ಇಂಗ್ಲೆಂಡಿನ ಬಿಷಪ್ಪರ ಜಗಳ ನಮಗೇಕೆ? ನಾವು ಒಂದೇ ಊರಿನವರು, ಒಂದೇ ಭಾಷೆಯವರು, ಬೇರೆ ಬೇರೆ ಮೇಜಿನಲ್ಲಿ ಯಾಕೆ ಪ್ರಭು ಭೋಜನ ತೆಗೆದುಕೊಳ್ಳಬೇಕು? ಮೊದಲ ದೊಡ್ಡ ಹೆಜ್ಜೆ 1908ರಲ್ಲಿ. ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಗಡದವರೂ ಸೇರಿ ದಕ್ಷಿಣ ಭಾರತ ಐಕ್ಯ ಸಭೆ ಕಟ್ಟಿದರು. ಕನ್ನಡಿಗರಿಗೆ ಈ ಗುಂಪು ಅಪರಿಚಿತವಲ್ಲ. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅವರ ಲಂಡನ್ ಮಿಷನ್ ಇದರೊಳಗೆ ಬಂತು.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಒಂದು ಚಿಕ್ಕ ಕೂಟ ಸೇರಿತು. ಬಂದವರಲ್ಲಿ ಬಹುತೇಕ ಎಲ್ಲರೂ ಭಾರತೀಯರು. ಆಂಗ್ಲಿಕನ್ನರ ಮೊದಲ ಭಾರತೀಯ ಬಿಷಪ್ ವಿ.ಎಸ್. ಅಜರಯ್ಯ ಮುಂದಾಳು. ಎಲ್ಲರೂ ಒಂದಾಗೋಣ ಅಂತ ಹೇಳಿಕೆ ಕೊಟ್ಟರು. ಅಲ್ಲಿಂದ ಒಂದಾಗೋದಕ್ಕೆ ಹಿಡಿದಿದ್ದು 28 ವರ್ಷ! ಗಂಟು ಬಿದ್ದಿದ್ದು ಮತ್ತೆ ಬಿಷಪ್ ವಿಚಾರದಲ್ಲೇ. ಬಿಷಪ್ ಕೈಯಿಟ್ಟು ಅಭಿಷೇಕ ಮಾಡದ ಪಾಸ್ಟರ್ ಪಾಸ್ಟರೇ ಅಲ್ಲ ಅಂತ ಆಂಗ್ಲಿಕನ್ನರಲ್ಲಿ ಹಲವರ ವಾದ. ಹಾಗಾದರೆ ನಾವು ಇಷ್ಟು ದಿನ ಕೊಟ್ಟ ದೀಕ್ಷಾಸ್ನಾನ, ಭೋಜನ ಎಲ್ಲ ಸುಳ್ಳಾ ಅಂತ ಉಳಿದವರ ಪ್ರಶ್ನೆ. ಕೊನೆಗೆ ಸಿಕ್ಕ ದಾರಿ ಬಹಳ ವಿವೇಕದ್ದು ಅಂತ ನನ್ನ ಅಭಿಪ್ರಾಯ. ಇರುವ ಪಾಸ್ಟರುಗಳನ್ನೆಲ್ಲ ಇದ್ದ ಹಾಗೇ ಒಪ್ಪಿಕೊಳ್ಳೋಣ, ಯಾರಿಗೂ ಮತ್ತೆ ಅಭಿಷೇಕ ಬೇಡ. ಇನ್ನು ಮುಂದೆ ಆಗುವವರಿಗೆ ಬಿಷಪ್ ಅಭಿಷೇಕ ಮಾಡಲಿ. ಬಿಷಪ್ ಇರುತ್ತಾರೆ, ಆದರೆ ರಾಜನ ಹಾಗೆ ಅಲ್ಲ. ಅವರನ್ನು ಆರಿಸುವುದರಲ್ಲಿ ಸಭೆಗಳ ಪ್ರತಿನಿಧಿಗಳಿಗೂ ಪಾಲಿರುತ್ತದೆ, ಅವರು ಸಿನೊಡ್‌ನ ನಿಯಮಗಳೊಳಗೆ ನಡೆಯಬೇಕು.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರ ಕಳೆದಾಗ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ನಾಲ್ಕೂ ಒಂದಾದವು. ಬಿಷಪ್ ಇದ್ದ ಚರ್ಚುಗಳೂ ಇಲ್ಲದ ಚರ್ಚುಗಳೂ ಹೀಗೆ ಕೂಡಿದ್ದನ್ನು ಜಗತ್ತಿನ ಚರ್ಚುಗಳೆಲ್ಲ ಬೆರಗಿನಿಂದ ನೋಡಿದವು. ಹೊಸ ಬಿಷಪ್ಪರಲ್ಲಿ ಲೆಸ್ಲಿ ನ್ಯೂಬಿಗಿನ್ ಒಬ್ಬರು. ಸ್ಕಾಟ್ಲೆಂಡ್ ಚರ್ಚಿನಿಂದ ಬಂದ ಪ್ರೆಸ್ಬಿಟೇರಿಯನ್ ಮಿಷನರಿ, ವಯಸ್ಸು 37, ಮಧುರೈ ಕಡೆಗೆ ಬಿಷಪ್! ಬಿಷಪ್ಪರೇ ಬೇಡ ಅಂತ ಹೋರಾಡಿದ ಪರಂಪರೆಯ ಮನುಷ್ಯ ಬಿಷಪ್ ಆಗಲು ಒಪ್ಪಿದ್ದು ಸಣ್ಣ ಮಾತಲ್ಲ. ಹಾಸನ, ಚಿಕ್ಕಮಗಳೂರಿನ ಸಭೆಗಳು ಆಗ ಮೈಸೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಮೈಸೂರಿನ ಬಿಷಪ್ ನೋಡಿಕೊಳ್ಳುವ ಸೀಮೆಗೆ ಸೇರಿದವು. 1970ರಲ್ಲಿ ಅದನ್ನು ಮೂರು ಭಾಗ ಮಾಡಿದರು. ಈಗ ಎರಡೂ ಜಿಲ್ಲೆಗಳು ಮಂಗಳೂರಿನಲ್ಲಿ ಕೇಂದ್ರ ಇರುವ ಕರ್ನಾಟಕ ದಕ್ಷಿಣ ಧರ್ಮಪ್ರಾಂತ್ಯದಲ್ಲಿವೆ.

ಸಿಎಸ್‌ಐಗೆ ಸೇರದೆ ಪ್ರೆಸ್ಬಿಟೇರಿಯನ್ ಹೆಸರಿನಲ್ಲೇ ಉಳಿದವರೂ ಇದ್ದಾರೆ. ಅವರಲ್ಲಿ ದೊಡ್ಡ ಗುಂಪು ಈಶಾನ್ಯ ಭಾರತದ್ದು. ವೇಲ್ಸ್‌ನಿಂದ ಬಂದ ಥಾಮಸ್ ಜೋನ್ಸ್ 1841ರಲ್ಲಿ ಚಿರಾಪುಂಜಿಯಲ್ಲಿ ಶುರು ಮಾಡಿದ ಕೆಲಸ ಅದು. ಮಿಜೋರಾಂನಲ್ಲಿ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಅದನ್ನು ಒಟ್ಟುಮಾಡಿ ಮಾರಿ ಸಭೆಯ ಕೆಲಸಕ್ಕೆ ಬಳಸುತ್ತಾರೆ. ಹಿಡಿ ಅಕ್ಕಿಯಿಂದಲೇ ಅಲ್ಲಿನ ಸಭೆ ಹೊರಗಿನ ದುಡ್ಡಿಗೆ ಕೈ ಚಾಚದೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಪಡೆಯಿತು.

ಭಾನುವಾರ ಏನು ಕಾಣುತ್ತದೆ

ಹಾಸನದ ಸಿಎಸ್‌ಐ ಚರ್ಚಿಗೆ ಪ್ರಭು ಭೋಜನದ ಭಾನುವಾರ ಹೋದರೆ ಈ ಚರಿತ್ರೆ ಕಣ್ಣೆದುರಿಗೇ ಇರುತ್ತದೆ. ಸಿಎಸ್‌ಐನ ಆರಾಧನಾ ಕ್ರಮ 1950ರಲ್ಲಿ ರೂಪುಗೊಂಡಿತು. ಶುರುವಿನಲ್ಲಿ ಸತ್ಯವೇದವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತರುವ ಪದ್ಧತಿ ಸ್ಕಾಟ್ಲೆಂಡಿನದು. ಪಾಸ್ಟರ್ ಮೇಜಿನ ಹಿಂದೆ, ಜನರ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಭೋಜನಕ್ಕೆ ಮುಂಚೆ ಪಕ್ಕದವರ ಕೈಯನ್ನು ಎರಡು ಕೈಯಲ್ಲಿ ಹಿಡಿದು ಶಾಂತಿ ಹಂಚುವುದು ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದಿದ್ದು. ಕೀರ್ತನೆಗಳ ಹುರುಪು ಮೆಥಡಿಸ್ಟರದು. ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳಿದಾಗ ಬಿಷಪ್ ಬಂದು ಅವರಿಗೆ ದೃಢೀಕರಣ ಕೊಡುವುದು ಆಂಗ್ಲಿಕನ್ನರದು.

ಆರಾಧನೆ ಮುಗಿದ ಮೇಲೆ ನಡೆಯುವುದನ್ನು ಕೂಡ ಗಮನಿಸಿ. ಕಾಣಿಕೆಯನ್ನು ಒಬ್ಬರೇ ಎಣಿಸುವ ಹಾಗಿಲ್ಲ, ಇನ್ನೊಬ್ಬರು ಜೊತೆಗೆ ಇದ್ದು ಸಹಿ ಹಾಕುವುದು ಒಳ್ಳೆಯ ಸಭೆಗಳ ಶಿಸ್ತು. ಸದಸ್ಯರು ಮತ ಹಾಕಿ ಪ್ಯಾಸ್ಟರೇಟ್ ಕಮಿಟಿ, ಅಂದರೆ ಸಭೆಯ ಆಡಳಿತ ಸಮಿತಿ ಆರಿಸುತ್ತಾರೆ. ಅದರಲ್ಲಿ ಸೆಕ್ರೆಟರಿ, ಟ್ರೆಷರರ್ ಇರುತ್ತಾರೆ, ಪಾಸ್ಟರ್ ಅಧ್ಯಕ್ಷರು. ವರ್ಷಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಓದಬೇಕು. ಸದಸ್ಯರು ಎದ್ದು ನಿಂತು ಪ್ರಶ್ನೆ ಕೇಳಬಹುದು. ಆ ಪ್ರಶ್ನೆ ಕೇಳುವ ಹಕ್ಕು ಸುಮ್ನೆ ಬಂದಿದ್ದಲ್ಲ. ಅದನ್ನು ಬಳಸದೆ ತಿಂಡಿ ತಿಂದು ಮನೆಗೆ ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಮಿಷನ್ನುಗಳ ಜಮೀನು, ಕಟ್ಟಡಗಳು 1947ರಲ್ಲಿ ಹುಟ್ಟಿದ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿಗೆ ಬಂದವು. ಊರಿನ ಸಭೆಗೆ ಆ ಜಾಗದ ಮೇಲೆ ಪ್ರೀತಿ ಇದೆ, ಹಕ್ಕುಪತ್ರ ಇಲ್ಲ. ಆಸ್ತಿ, ಚುನಾವಣೆ ಎರಡರ ಸುತ್ತಲೂ ಸಿಎಸ್‌ಐನಲ್ಲಿ ಕೋರ್ಟ್ ವ್ಯಾಜ್ಯಗಳು ಬಹಳ ಇವೆ. ಹಿರಿಯರ ಪದ್ಧತಿ ಬಲವಾಗಿರುವ ಕಡೆ ಇಂಥವು ಬೇಗ ಹೊರಗೆ ಬರುತ್ತವೆ. ಹಿರಿಯರು ಗುಂಪುಗಾರಿಕೆಗೆ ಬಿದ್ದ ಕಡೆ ಅದೇ ಪದ್ಧತಿ ಜಗಳಕ್ಕೆ ಮೈದಾನವಾಗುತ್ತದೆ.

ತೋಟದ ಸೀಮೆಯಲ್ಲಿ ಹಿರಿಯರ ಕೆಲಸ ಇನ್ನೂ ಜಾಸ್ತಿ. ಸಕಲೇಶಪುರ, ಮೂಡಿಗೆರೆ ಕಡೆ ಮನೆಗಳು ಚದುರಿವೆ. ಒಬ್ಬ ಪಾಸ್ಟರ್‌ಗೆ ಹಲವು ಚಿಕ್ಕ ಸಭೆಗಳ ಜವಾಬ್ದಾರಿ ಇದ್ದಾಗ ಎಲ್ಲ ಭಾನುವಾರವೂ ಎಲ್ಲ ಕಡೆ ಇರಲು ಆಗೋದಿಲ್ಲ. ಆಗ ಪ್ರಾರ್ಥನೆ ನಡೆಸಿ, ಪ್ರಸಂಗ ಓದಿ, ಕಾಯಿಲೆಯವರನ್ನು ನೋಡಿ ಬರುವವರು ಸಭೆಯ ಹಿರಿಯರೇ.

ಸಭೆಯ ಬದುಕು ಅತಿ ಚೆನ್ನಾಗಿ ಕಾಣೋದು ಸುಗ್ಗಿ ಹಬ್ಬದಲ್ಲಿ. ರಾಗಿ, ಆಲೂಗಡ್ಡೆ, ತೆಂಗಿನಕಾಯಿ, ಕಾಫಿ, ಮೆಣಸು, ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ಕಜ್ಜಾಯ, ಹೀಗೆ ಕೈಲಾದದ್ದನ್ನು ತಂದು ಮುಂದೆ ಇಡುತ್ತಾರೆ. ಆಮೇಲೆ ಹರಾಜು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕುಂಬಳಕಾಯಿ ಇಲ್ಲಿ ಹತ್ತು ಪಟ್ಟು ಬೆಲೆಗೆ ಹೋಗಬಹುದು. ಕೊಂಡವರು ಅದನ್ನೇ ವಾಪಸ್ ಕೊಟ್ಟು ಇನ್ನೊಮ್ಮೆ ಕೂಗಿ ಅನ್ನುವುದೂ ಉಂಟು. ಆ ದುಡ್ಡಿಗೆ ಪಾಸ್ಟರ್ ಸಂಬಳದ ಪಾಲು, ಚಾವಣಿ ರಿಪೇರಿ, ಬಡ ಮಕ್ಕಳ ಫೀಸು ಎಲ್ಲ ಕಾಯುತ್ತಿರುತ್ತವೆ.

ಈ ಹಬ್ಬವನ್ನು ನಡೆಸುವುದು ಹೆಚ್ಚಾಗಿ ಹೆಣ್ಣುಮಕ್ಕಳು. ಸಂಡೇ ಸ್ಕೂಲ್, ಕ್ವಾಯರ್, ಸ್ತ್ರೀಯರ ಕೂಟ ಎಲ್ಲದರ ಭಾರವೂ ಅವರ ಮೇಲೆಯೇ. ಆದರೆ ತೀರ್ಮಾನದ ಮೇಜಿಗೆ ಅವರು ಬಂದಿದ್ದು ತಡವಾಗಿ. ಹಿರಿಯರ ಪದ್ಧತಿಯ ತವರಾದ ಸ್ಕಾಟ್ಲೆಂಡ್ ಚರ್ಚೇ ಹೆಂಗಸರನ್ನು ಹಿರಿಯರಾಗಿ ಒಪ್ಪಿದ್ದು 1966ರಲ್ಲಿ, ಪಾಸ್ಟರಾಗಿ 1968ರಲ್ಲಿ. ಕಾಲ್ವಿನ್ ನಿಯಮ ಬರೆದು ನಾಲ್ಕು ನೂರು ವರ್ಷ ದಾಟಿದ ಮೇಲೆ. ಸಿಎಸ್‌ಐನಲ್ಲಿ ಮೊದಲ ಮಹಿಳಾ ಪಾಸ್ಟರ್ ಎಲಿಜಬೆತ್ ಪಾಲ್ 1976ರಲ್ಲಿ ಅಭಿಷೇಕ ಪಡೆದರು. 2013ರಲ್ಲಿ ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ಅದು ಮೇಲಿನ ಮೆಟ್ಟಿಲು. ನನಗೆ ಹೆಚ್ಚು ಆಸೆ ಕೆಳಗಿನ ಮೆಟ್ಟಿಲಿನ ಮೇಲೆ. ಹರಾಜಿನ ದುಡ್ಡನ್ನು ಪೈಸೆ ಬಿಡದೆ ಲೆಕ್ಕ ಒಪ್ಪಿಸುವ ಅಕ್ಕಂದಿರು ಮುಂದಿನ ಚುನಾವಣೆಯಲ್ಲಿ ಟ್ರೆಷರರ್ ಜಾಗಕ್ಕೂ ನಿಲ್ಲಬೇಕು, ನಾವು ಅವರಿಗೆ ಮತ ಹಾಕಬೇಕು.